ನೆರೆ ಇಳಿದ ಮೇಲೆ ಗುಡಿಯ ಬಾಗಿಲು ಯಾರು ತೆಗೆಯಬೇಕು?

ಮುಂಬೈಯ ತಗ್ಗು ಬಸ್ತಿಗಳಲ್ಲಿ ಮಳೆನೀರು ಇಳಿದ ಮರುದಿನ ಎರಡು ಪಡೆಗಳು ಬೀದಿಗಿಳಿಯುತ್ತವೆ. ಒಂದು, ಮಹಾನಗರಪಾಲಿಕೆಯ ಜೆಸಿಬಿ, ಅದರ ಹಿಂದೆ ಡಂಪರು. ಇನ್ನೊಂದು, ಬಕೆಟು, ಕಡ್ಡಿಪೊರಕೆ, ಫಿನೈಲು ಹಿಡಿದ ಭಕ್ತರು. ಜೆಸಿಬಿಗೆ ರಸ್ತೆ ತೆರವಾಗಬೇಕು, ಭಕ್ತರಿಗೆ ಸಂಜೆಯ ಆರತಿಯೊಳಗೆ ದೇವರ ಕೋಣೆ ಶುಭ್ರವಾಗಬೇಕು. ಎರಡೂ ನ್ಯಾಯವಾದ ಆಸೆಯೇ. ಆದರೆ ನೀರು ಉಳಿಸಿ ಹೋದದ್ದನ್ನು ಹೆಚ್ಚಾಗಿ ಕೆಡಿಸುವುದು ಈ ಮೊದಲ ಎರಡು ದಿನಗಳ ಅವಸರ. ಯಾವುದನ್ನು ಮೊದಲು ಎತ್ತಬೇಕು, ಯಾರು ಎತ್ತಬೇಕು, ಯಾವುದನ್ನು ಯಾರೂ ಮುಟ್ಟಬಾರದು ಎಂದು ಹೇಳಬಲ್ಲವರು ಆ ಹೊತ್ತಿಗೆ ಅಲ್ಲಿರುವುದಿಲ್ಲ, ಇದ್ದರೂ ಅವರನ್ನು ಯಾರೂ ಕೇಳುವುದಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿತು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಪುಣೆಯ ಹಳೆಯ ಪೇಠೆಗಳಿಗೆ ಮುಠಾ ನದಿ ನುಗ್ಗಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾದ ಮರಗಳನ್ನು ಉರುಳಿಸಿತು, ಜುಲೈಯಲ್ಲಿ ಸತ್ತರಿ, ಬಿಚೋಲಿ ಕಡೆ ನೆರೆ ಬಂತು. ಇಂಥ ಆಪತ್ತಿನ ಲೆಕ್ಕ ಬರೆಯುವಾಗ ಮನೆ, ಅಂಗಡಿ, ಬೆಳೆ, ಜಾನುವಾರು ಮೊದಲು ಬರುತ್ತವೆ, ಬರಲೇಬೇಕು. ಚಾಳಿನ ಕೊನೆಯ ಖೋಲಿಯಲ್ಲಿರುವ ಭಜನಾ ಮಂದಿರ, ಮೂರು ತಲೆಮಾರು ಓದಿದ ಶನಿಗ್ರಂಥ, ಊರಿನಿಂದ ಹೊತ್ತು ತಂದ ದೈವದ ಭಂಡಾರ (ದೈವದ ಮೊಗ, ಆಯುಧ, ಆಭರಣಗಳ ಪೆಟ್ಟಿಗೆ), ಕನ್ನಡ ಸಂಘದ ವಾಚನಾಲಯ, ಗೋವಾದ ಕಾರ್ಮಿಕ ಬಸ್ತಿಯಲ್ಲಿ ಗದಗ, ಬಾಗಲಕೋಟೆ ಕಡೆಯವರು ಕಟ್ಟಿಕೊಂಡ ಯಲ್ಲಮ್ಮನ ಗುಡಿ ಇವೆಲ್ಲ ಯಾವ ಪಟ್ಟಿಯಲ್ಲೂ ಕಾಣದೆ ಉಳಿದುಬಿಡುತ್ತವೆ. ಅಲ್ಲಿ ಏನಿತ್ತು ಎಂದು ಬಲ್ಲವರು ಅದನ್ನು ನಡೆಸಿಕೊಂಡು ಬಂದವರು ಮಾತ್ರ.

ಪುರಾತತ್ವ ಇಲಾಖೆಯ ಫಲಕ ಇರುವ ಜಾಗಗಳ ನಿಯಮ ಬೇರೆ. ಗೋವಾದ ತಾಂಬ್ಡಿ ಸುರ್ಲಾದ ಕದಂಬರ ಕಾಲದ ಮಹಾದೇವ ದೇವಾಲಯದಂಥ ಸಂರಕ್ಷಿತ ಸ್ಮಾರಕದಲ್ಲಿ ಒಂದು ಕಲ್ಲನ್ನೂ ಅನುಮತಿಯಿಲ್ಲದೆ ಸರಿಸುವಂತಿಲ್ಲ. ಅದರ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಈ ಬರಹ ಫಲಕವಿಲ್ಲದ, ಆದರೆ ಜನರ ಪಾಲಿಗೆ ಅಷ್ಟೇ ತೂಕದ ಜಾಗಗಳ ಬಗ್ಗೆ. ಒಂದು ಜಾಗ ಸೂಕ್ಷ್ಮವೋ ಅಲ್ಲವೋ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು. ಅಲ್ಲಿನದನ್ನು ಮುಟ್ಟಲು ಕೆಲವರಿಗೆ ಮಾತ್ರ ಅಧಿಕಾರವಿದೆಯೇ? ನೋಡಬಾರದ, ಫೋಟೊ ತೆಗೆಯಬಾರದ ವಸ್ತು ಅಲ್ಲಿದೆಯೇ? ಸತ್ತವರ ನೆನಪು ಆ ನೆಲಕ್ಕೆ ಅಂಟಿಕೊಂಡಿದೆಯೇ? ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಮೊದಲ ಬಕೆಟ್ ಕೆಸರು ಎತ್ತುವ ಮುಂಚೆ ಆ ಸಮುದಾಯದ ಜತೆ ಕೂತು ಮಾತಾಡಬೇಕು.

ಯಾರನ್ನು ಕೇಳುವುದು

ಸಾಮಾನ್ಯವಾಗಿ ಅಧಿಕಾರಿಗಳೂ ಸ್ವಯಂಸೇವಕರೂ ಅಧ್ಯಕ್ಷರನ್ನೋ ಟ್ರಸ್ಟಿಗಳನ್ನೋ ಹುಡುಕುತ್ತಾರೆ. ಸಹಿ ಹಾಕಲು ಅವರು ಬೇಕು, ನಿಜ. ಆದರೆ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ತಿಳಿದಿರುವುದು ಅರ್ಚಕರಿಗೆ, ದೀಪದ ಎಣ್ಣೆ ಹಾಕುವವರಿಗೆ, ಪಾತ್ರೆ ತೊಳೆಯುವ ಮಹಿಳೆಯರಿಗೆ, ಭಂಡಾರ ಹೊರುವ ಮನೆತನಕ್ಕೆ, ವಾಚನಾಲಯದಲ್ಲಿ ಪುಸ್ತಕ ಕೊಡುವವರಿಗೆ. ಮುಂಬೈಯ ನಮ್ಮ ಕನ್ನಡಿಗರ ಸಂಘಗಳಲ್ಲಿ ಮಹಿಳಾ ವಿಭಾಗ, ಯುವ ವಿಭಾಗ ಎಂಬ ವ್ಯವಸ್ಥೆ ಮೊದಲಿನಿಂದಲೇ ಇದೆ. ಆಪತ್ತಿನ ಹೊತ್ತಿನಲ್ಲಿ ಅವರನ್ನು ಚಹಾ, ಉಪ್ಪಿಟ್ಟು ಹಂಚಲು ಮಾತ್ರ ಕರೆಯುವುದು ದೊಡ್ಡ ನಷ್ಟ. ಗೋವಾದ ಹಳೆಯ ದೇವಸ್ಥಾನಗಳಲ್ಲಿ ಮಹಾಜನರ, ಎಂದರೆ ದೇವಸ್ಥಾನದ ಹಕ್ಕುದಾರ ಮನೆತನಗಳವರ, ಪಟ್ಟಿ ಇರುತ್ತದೆ, ಪೋರ್ಚುಗೀಸರ ಕಾಲದಿಂದ ಬಂದ ದೇವಸ್ಥಾನ ನಿಯಮಾವಳಿಯಂತೆ ತಾಲೂಕಿನ ಅಧಿಕಾರಿಯಾದ ಮಾಮಲೇದಾರರ ಮೇಲ್ವಿಚಾರಣೆಯೂ ಇರುತ್ತದೆ. ಕಾರ್ಮಿಕ ಬಸ್ತಿಯ ಗುಡಿಗೆ ಇಂಥ ಯಾವ ಕಾಗದವೂ ಇಲ್ಲ. ಅಲ್ಲಿ ಪೂಜಾರಿಯ ಮಾತು, ಜಾತ್ರೆಗೆ ಪಟ್ಟಿ ಎತ್ತುವವರ ನೋಟ್‌ಬುಕ್ಕು, ಇವೇ ದಾಖಲೆ. ಕಾಗದ ಇಲ್ಲದವರು ಅಧಿಕಾರಿಗಳ ಮುಂದೆ ಮಾತಾಡಲು ಹೆದರುತ್ತಾರೆ, ಗುಡಿಯನ್ನೇ ತೆಗೆಸಿಬಿಟ್ಟಾರು ಎಂಬ ಭಯ. ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಅನಧಿಕೃತ ಧಾರ್ಮಿಕ ಕಟ್ಟಡ ಕಟ್ಟುವುದನ್ನು ಸುಪ್ರೀಂ ಕೋರ್ಟ್ 2009ರಲ್ಲಿ ತಡೆದಿದೆ. ಹಾಗಾಗಿ ಹಳೆಯ ಗುಡಿ ಹಳೆಯದೇ ಎಂದು ತೋರಿಸುವ ಫೋಟೊ, ವಿದ್ಯುತ್ ಬಿಲ್ಲು, ಜಾತ್ರೆಯ ಕರಪತ್ರಗಳನ್ನು ಮೊದಲೇ ಒಟ್ಟು ಮಾಡಿಟ್ಟಿರಬೇಕು.

ಹೊರಗಿನವರಿಗೆ ಹೊಳೆಯದ ಒಂದು ತೊಡಕಿದೆ, ಅದು ಸೂತಕ. ದೊಡ್ಡ ಆಪತ್ತಿನಲ್ಲಿ ಸಾವು ಆಗಿರುತ್ತದೆ. ಅರ್ಚಕರ ಮನೆಯಲ್ಲೋ, ಭಂಡಾರದ ಮನೆತನದಲ್ಲೋ ಯಾರಾದರೂ ತೀರಿಕೊಂಡಿದ್ದರೆ ಆ ಸಮುದಾಯದ ಕ್ರಮದಂತೆ ಹತ್ತು ದಿನವೋ ಅದಕ್ಕಿಂತ ಹೆಚ್ಚೋ ಅವರು ಒಳಗೆ ಕಾಲಿಡುವುದಿಲ್ಲ. ಇತ್ತ ಒದ್ದೆಯಾದ ಕಾಗದ, ಬಟ್ಟೆ, ಮರಕ್ಕೆ ಬೂಸಲು ಹಿಡಿಯಲು 48ರಿಂದ 72 ಗಂಟೆ ಸಾಕು. ಈ ಎರಡು ಕಾಲಮಾನಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಬೀಗ ಒಡೆದು ಒಳಗೆ ನುಗ್ಗಿದರೆ ವಸ್ತು ಉಳಿಯುತ್ತದೆ, ಆದರೆ ಸಮುದಾಯ ಅದನ್ನು ಮತ್ತೆ ಪೂಜೆಗೆ ಸೇರಿಸಿಕೊಳ್ಳದೇ ಇರಬಹುದು. ಕಾದರೆ ವಸ್ತುವೇ ಉಳಿಯದು. ದಾರಿ ಇರುವುದು ಮುಂಚೆಯೇ ಮಾಡಿಕೊಂಡ ಒಪ್ಪಂದದಲ್ಲಿ: ಸೂತಕ ಬಂದರೆ ಯಾರು ಬರುತ್ತಾರೆ, ಯಾವ ಗುಡಿಯ ಅರ್ಚಕರು ಬದಲಿಗೆ ನಿಲ್ಲುತ್ತಾರೆ, ಗುಡಿಯ ವಿಧಿವಿಧಾನಗಳಲ್ಲಿ ಕೊನೆಯ ಮಾತು ಹೇಳುವ ತಂತ್ರಿಗಳು ಫೋನಿನಲ್ಲಿ ಅನುಮತಿ ಕೊಟ್ಟರೆ ಸಾಕೇ ಎಂದು ಮಳೆಗಾಲದ ಮೊದಲೇ ಬರೆದಿಟ್ಟುಕೊಳ್ಳಬೇಕು. ದೇವರನ್ನು ಜಾಗದಿಂದ ಎತ್ತುವ ಮೊದಲು ಕಲಾಸಂಕೋಚ (ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸುವ ವಿಧಿ) ಮಾಡುವುದು, ದುರಸ್ತಿ ಮುಗಿಯುವ ತನಕ ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿಟ್ಟು ಪೂಜಿಸುವುದು, ಆಮೇಲೆ ಪುನಃಪ್ರತಿಷ್ಠೆ, ಹೀಗೆ ಆಗಮದಲ್ಲೇ ಸ್ಥಳಾಂತರಕ್ಕೆ ದಾರಿಯಿದೆ. ದೈವಸ್ಥಾನಗಳಲ್ಲಿ ಮೈಮೇಲೆ ದೈವ ಬರುವ ಪಾತ್ರಿಯ ನುಡಿಯೋ ಸಮುದಾಯದ ಹಿರಿಯರಾದ ಗುರಿಕಾರರ ಒಪ್ಪಿಗೆಯೋ ಬೇಕಾದೀತು. ತುರ್ತಿಗೆ ತಕ್ಕ ಚಿಕ್ಕ ವಿಧಿ ಯಾವುದು ಎಂದು ಕೇಳಿದರೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ. ಕೇಳುವುದನ್ನು ನೆರೆ ಬರುವ ತನಕ ತಳ್ಳಬಾರದು ಅಷ್ಟೇ.

ಒಳಗೆ ಕಾಲಿಡುವ ಮುನ್ನ

ವಿದ್ಯುತ್ತಿನ ಮೇನ್ ಸ್ವಿಚ್ ಆಫ್ ಆಗಿರಬೇಕು. ಅದನ್ನು ನೀರಲ್ಲಿ ನಿಂತು ಮುಟ್ಟಬಾರದು, ಎಲೆಕ್ಟ್ರಿಶಿಯನ್ ಬರಲಿ. ಬಾಗಿಲ ಚೌಕಟ್ಟು ವಾಲಿದ್ದರೆ, ಗೋಡೆಯ ಬಿರುಕು ಬೆರಳು ತೂರುವಷ್ಟಿದ್ದರೆ, ಮಾಡಿನ ಪಕಾಸು (ಹಂಚು ಹೊರುವ ಮರ) ಗೋಡೆಯಿಂದ ಜಾರಿದ್ದರೆ ಎಂಜಿನಿಯರ್ ನೋಡುವ ತನಕ ಯಾರೂ ಒಳಗೆ ಹೋಗುವಂತಿಲ್ಲ, ಅರ್ಚಕರೂ ಸೇರಿದಂತೆ. ನಗರದ ನೆರೆನೀರೆಂದರೆ ಗಟಾರದ ನೀರು. 2005ರ ನೆರೆಯ ಬಳಿಕ ಮುಂಬೈಯಲ್ಲಿ ಇಲಿಜ್ವರ ಹಬ್ಬಿತ್ತು. ಆದ್ದರಿಂದ ಗಮ್ ಬೂಟು, ರಬ್ಬರ್ ಗ್ಲೌಸು, ಮಾಸ್ಕು ಇಲ್ಲದೆ ಕೆಸರಿಗೆ ಇಳಿಯಬಾರದು. ಕಾಲಲ್ಲಿ ಗಾಯ ಇದ್ದವರು ಇಳಿಯಲೇಬಾರದು. ನೀರಲ್ಲಿ ನಡೆದವರು ಮೂರು ದಿನದೊಳಗೆ ಪಾಲಿಕೆಯ ದವಾಖಾನೆಗೆ ಹೋಗಿ ಇಲಿಜ್ವರದ ಮುನ್ನೆಚ್ಚರಿಕೆ ಗುಳಿಗೆ ತಮಗೆ ಬೇಕೇ ಎಂದು ಕೇಳಬೇಕು. ಬರಿಗಾಲಲ್ಲೇ ಒಳಹೋಗಬೇಕು ಎಂಬ ನಿಯಮ ಇರುವ ಕಡೆ ಗರ್ಭಗುಡಿಗೆಂದೇ ಹೊಸ ಬೂಟು ಒಂದು ಜೋಡಿ ಇಟ್ಟರೆ ಅನೇಕರು ಒಪ್ಪುತ್ತಾರೆ. ಅಂಗಡಿಯಿಂದ ತಂದದ್ದು, ಹೊರಗೆ ಮೆಟ್ಟದ್ದು ಎಂಬುದೇ ಆ ಒಪ್ಪಿಗೆಗೆ ಕಾರಣ.

ಕೆಳಗಿಳಿದ ಗರ್ಭಗುಡಿ, ನೆಲಮಾಳಿಗೆ, ಬಾವಿ, ಕಲ್ಯಾಣಿಗಳಲ್ಲಿ ನೀರು ನಿಂತಿದ್ದರೆ ಪಂಪು ಇಟ್ಟು ಒಂದೇ ಸಲಕ್ಕೆ ಬರಿದು ಮಾಡಬಾರದು. ಹೊರಗಿನ ಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನು ಒಳಗೆ ನೂಕುತ್ತಿರುತ್ತದೆ, ಒಳಗಿನ ನೀರೇ ಅದಕ್ಕೆ ಎದುರಾಗಿ ಆನಿಕೊಂಡಿರುತ್ತದೆ. ದಿನಕ್ಕೆ ಮೂರನೇ ಒಂದು ಭಾಗದಷ್ಟು ಮಾತ್ರ ತೆಗೆದು, ಮರುದಿನ ಮಟ್ಟ ನೋಡಿ ಮುಂದುವರಿಯಬೇಕು. ರಾತ್ರಿ ಕಳೆಯುವುದರೊಳಗೆ ನೀರು ಮತ್ತೆ ಏರಿದ್ದರೆ ಹೊರಗಿನ ಮಣ್ಣು ಇನ್ನೂ ಬಸಿದಿಲ್ಲ ಎಂದರ್ಥ, ಆಗ ಕಾಯುವುದೇ ಸರಿ.

ಮುಟ್ಟುವ ಮೊದಲು ಫೋಟೊ. ಬಾಗಿಲಲ್ಲಿ ನಿಂತು ನಾಲ್ಕು ಮೂಲೆ, ನೆಲ, ಮಾಡು, ನೀರು ನಿಂತ ಗೆರೆ, ಆಮೇಲೆ ಪ್ರತಿ ವಸ್ತು ಬಿದ್ದಲ್ಲೇ. ಫೋಟೊ ನಿಷಿದ್ಧವಿರುವ ಕಡೆ ಅರ್ಚಕರೇ ತಮ್ಮ ಫೋನಿನಲ್ಲಿ ತೆಗೆದು ಯಾರಿಗೂ ಕಳಿಸದೆ ಇಟ್ಟುಕೊಳ್ಳಬಹುದು, ಅದೂ ಬೇಡವೆಂದರೆ ಕಾಗದದ ಮೇಲೆ ಕೋಣೆಯ ನಕ್ಷೆ ಬರೆದು ಅಂಕಿ ಹಾಕಬಹುದು. ವಾಟ್ಸ್‌ಆಪ್ ಗುಂಪಿಗೆ ಹಾಕುವುದಿಲ್ಲ ಎಂಬ ಮಾತು ಮೊದಲೇ ಆಗಿರಬೇಕು. ಬೆಳ್ಳಿಯ ಕವಚ, ಆಭರಣಗಳ ಚಿತ್ರ ಊರೆಲ್ಲ ಹರಿದಾಡಿದರೆ ಕಳ್ಳರಿಗೆ ದಾರಿ ತೋರಿಸಿದಂತೆ, ಬಾಗಿಲು ಮುರಿದ ಗುಡಿಗೆ ಆ ದಿನಗಳಲ್ಲಿ ಕಾವಲೂ ಇರುವುದಿಲ್ಲ. ಪ್ರತಿ ವಸ್ತುವಿಗೆ ಬಟ್ಟೆಯ ಚೀಟಿ, ಅದರಲ್ಲಿ ಪೆನ್ಸಿಲಿನಿಂದ ಅಂಕಿ. ಪೆನ್ನಿನ ಶಾಯಿ ಒದ್ದೆಯಲ್ಲಿ ಹರಡಿ ವಸ್ತುವಿಗೇ ಕಲೆ ಹಿಡಿಸುತ್ತದೆ.

ಕೆಸರನ್ನು ನೇರವಾಗಿ ಡಂಪರಿಗೆ ತುಂಬಿಸಬಾರದು. ಗರ್ಭಗುಡಿ, ಭಂಡಾರದ ಕೋಣೆ, ವಾಚನಾಲಯ, ಪ್ರತಿಯೊಂದರ ಕೆಸರನ್ನೂ ಬೇರೆ ಬೇರೆ ಗೋಣಿಗೆ ತುಂಬಿ, ಕೋಣೆಯ ಹೆಸರು ಬರೆದು, ಮಳೆ ತಾಗದ ಕಡೆ ಇಡಬೇಕು. ಆಮೇಲೆ ಗಾರೆ ಕೆಲಸದವರ ಜರಡಿಯಲ್ಲಿ ನೀರು ಹಾಕಿ ಸೋಸಿದರೆ ವಿಗ್ರಹದ ಮೂಗುತಿ, ಕಣ್ಣು, ಒಡೆದ ಬೆರಳು, ಘಂಟೆಯ ನಾಲಿಗೆ ಸಿಗುತ್ತವೆ. ಇದು ಕುಳಿತು ಮಾಡುವ ನಿಧಾನದ ಕೆಲಸ, ಭಾರ ಎತ್ತಲಾಗದ ಹಿರಿಯರು ಇದರಲ್ಲಿ ಬಹಳ ಚೆನ್ನಾಗಿ ಪಾಲುಗೊಳ್ಳಬಲ್ಲರು. ನೆರೆ ಕೊರೆದ ಮಣ್ಣಿನೊಳಗಿಂದ ಹಿಂದೆ ಯಾರೂ ನೋಡದ ನಾಣ್ಯ, ವಿಗ್ರಹ ಸಿಕ್ಕರೆ 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪುರಾವಸ್ತು ಕಾಯಿದೆಯಲ್ಲಿ ನೂರು ವರ್ಷ ದಾಟಿದ ವಿಗ್ರಹ, 75 ವರ್ಷ ದಾಟಿದ ಹಸ್ತಪ್ರತಿ ಪುರಾವಸ್ತುಗಳೇ.

ಒದ್ದೆಯಾದದ್ದನ್ನು ಉಳಿಸುವುದು

ಕಾಗದದಿಂದ ಶುರುಮಾಡೋಣ, ಏಕೆಂದರೆ ಮೊದಲು ಹಾಳಾಗುವುದು ಅದೇ. ಸಾಧಾರಣ ಪುಸ್ತಕ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ನೀರು ಕುಡಿಯಬಲ್ಲದು. ಕಪಾಟಿನಲ್ಲಿ ಉಬ್ಬಿ ಬಿಗಿಯಾದ ಪುಸ್ತಕವನ್ನು ಬೆನ್ನು ಹಿಡಿದು ಎಳೆದರೆ ಬೆನ್ನೊಂದೇ ಕೈಗೆ ಬರುತ್ತದೆ. ಅಕ್ಕಪಕ್ಕದವನ್ನು ಒಳಕ್ಕೆ ಸರಿಸಿ ಎರಡೂ ಬದಿ ಹಿಡಿದು ತೆಗೆಯಬೇಕು. ಒದ್ದೆ ಪುಸ್ತಕವನ್ನು ತೆರೆಯಬಾರದು, ಹಿಂಡಬಾರದು, ಬಿಸಿಲಿಗೆ ಹಾಕಬಾರದು. ಕೆಸರು ಮೆತ್ತಿದ್ದರೆ ಪುಸ್ತಕವನ್ನು ಮುಚ್ಚಿ ಹಿಡಿದುಕೊಂಡೇ ಶುದ್ಧ ನೀರಿನ ತೊಟ್ಟಿಯಲ್ಲಿ ಅದ್ದಿ ಮೇಲ್ಮೈ ತೊಳೆಯಬಹುದು. ಕೈಬರಹದ ಪುಸ್ತಕ, ಶಾಯಿ ಕರಗುವ ಹಳೆಯ ಲೆಕ್ಕದ ಬುಕ್ಕುಗಳಿಗೆ ನೀರು ತಾಗಿಸಲೇಬಾರದು.

ವಿದೇಶದ ಕೈಪಿಡಿಗಳಲ್ಲಿ ಕಿಟಕಿ ತೆರೆದಿಡಿ ಎಂದಿರುತ್ತದೆ. ಜುಲೈಯ ಮುಂಬೈಯಲ್ಲಿ ಹೊರಗಿನ ಗಾಳಿಯಲ್ಲೇ ತೇವಾಂಶ ಶೇ. 80ರ ಮೇಲಿರುವಾಗ, ಬೂಸಲಿಗೆ ಶೇ. 65 ಸಾಕಾಗಿರುವಾಗ, ಕಿಟಕಿಯನ್ನೊಂದೇ ನಂಬಿ ಕೂರುವಂತಿಲ್ಲ. ಫ್ಯಾನು ಬೇಕು, ಗಾಳಿ ನೇರ ಹೊಡೆಯದೆ ಕೋಣೆಯಲ್ಲಿ ಸುತ್ತುವಂತೆ ಗೋಡೆಯ ಕಡೆ ತಿರುಗಿಸಿ ಇಡಬೇಕು. ಇಪ್ಪತ್ತು ಮೂವತ್ತು ಪುಟಕ್ಕೊಂದರಂತೆ ಅಚ್ಚಿಲ್ಲದ ನ್ಯೂಸ್‌ಪ್ರಿಂಟ್ ಹಾಳೆ ಇಟ್ಟು ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು. ಹಳೆಯ ಪೇಪರ್ ಇಟ್ಟರೆ ಅದರ ಮಸಿ ಪುಟಕ್ಕೆ ಹತ್ತುತ್ತದೆ. ಹೀಗೆ ನಾಲ್ಕು ಜನ ಒಂದು ದಿನಕ್ಕೆ ನೋಡಿಕೊಳ್ಳಬಲ್ಲದ್ದು ಕೆಲವೇ ಡಜನ್ ಪುಸ್ತಕ. ಎರಡು ಸಾವಿರ ಪುಸ್ತಕ ಒದ್ದೆಯಾದರೆ?

ಆಗ ಕೈಹಿಡಿಯುವುದು ಡೀಪ್ ಫ್ರೀಜರ್. ಮೈನಸ್ 18 ಡಿಗ್ರಿಯಲ್ಲಿಟ್ಟರೆ ಬೂಸಲು ಬೆಳೆಯುವುದಿಲ್ಲ, ಶಾಯಿ ಹರಡುವುದಿಲ್ಲ, ಮಳೆಗಾಲ ಮುಗಿದ ಮೇಲೆ ಹತ್ತು ಹತ್ತಾಗಿ ತೆಗೆದು ಒಣಗಿಸಬಹುದು. ಮುಂಬೈ, ಪುಣೆಯಲ್ಲಿ ಹೋಟೆಲ್ ನಡೆಸುವ ನಮ್ಮವರಿಗೆ ಫ್ರೀಜರೂ ಇದೆ, ಜನರೇಟರೂ ಇದೆ. ಆದರೆ ಗಟಾರದ ನೀರಲ್ಲಿ ನೆನೆದದ್ದನ್ನು ತಿನ್ನುವ ವಸ್ತುವಿನ ಜತೆ ಇಡುವಂತಿಲ್ಲ, ಒಂದು ಫ್ರೀಜರನ್ನು ಪೂರ್ತಿ ಖಾಲಿ ಮಾಡಿ ಕೊಡಬೇಕು, ಆಮೇಲೆ ಚೆನ್ನಾಗಿ ತೊಳೆದು ಹಿಂದಿರುಗಿಸಬೇಕು. ಪಾರಾಯಣದ ಗ್ರಂಥವಿದ್ದರೆ ಮೀನು, ಮಾಂಸ ಇಟ್ಟಿದ್ದ ಫ್ರೀಜರ್ ಬೇಡ ಎನ್ನುವವರ ಮಾತಿಗೂ ಬೆಲೆ ಇರಬೇಕು. 400 ಲೀಟರಿನ ಒಂದು ಫ್ರೀಜರಿನಲ್ಲಿ ಹತ್ತರಷ್ಟು ಸಣ್ಣ ಕ್ರೇಟು ಹಿಡಿಯುತ್ತವೆ. ಪ್ರತಿ ಪುಸ್ತಕಕ್ಕೂ ಬಟರ್ ಪೇಪರ್ ಸುತ್ತಿ, ಬೆನ್ನು ಕೆಳಗಾಗಿ, ಒಂದೇ ಸಾಲಿನಲ್ಲಿ ನಿಲ್ಲಿಸಬೇಕು. ಸಂಘಗಳ ಸ್ಮರಣ ಸಂಚಿಕೆಗಳಿಗೆ ಇಲ್ಲಿ ಮೊದಲ ಸಾಲು, ಏಕೆಂದರೆ ಅವು ನುಣುಪಾದ ಆರ್ಟ್ ಪೇಪರಿನಲ್ಲಿ ಅಚ್ಚಾದವು. ಆ ಕಾಗದ ಒದ್ದೆಯಾಗಿ ಒಣಗಿದರೆ ಪುಟಗಳೆಲ್ಲ ಅಂಟಿ ಒಂದೇ ಹಲಗೆಯಾಗಿಬಿಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಮುಂಬೈ ಕನ್ನಡಿಗರ ಹಳೆಯ ಫೋಟೊ, ಹೆಸರು, ಲೇಖನಗಳಲ್ಲಿ ಎಷ್ಟೋ ಆ ಸಂಚಿಕೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಗೋಡೆಯ ಫ್ರೇಮಿನೊಳಗಿನ ಫೋಟೊಗಳನ್ನು ಒದ್ದೆ ಇರುವಾಗಲೇ ಗಾಜಿನಿಂದ ಬಿಡಿಸಬೇಕು. ಈಗಾಗಲೇ ಅಂಟಿದ್ದರೆ ಎಳೆಯದೆ, ಗಾಜಿನ ಮೂಲಕವೇ ಒಂದು ಫೋಟೊ ತೆಗೆದಿಟ್ಟುಕೊಂಡು, ತಜ್ಞರಿಗೆ ಕೊಡಬೇಕು. ಬಿಡಿ ಫೋಟೊಗಳನ್ನು ತಣ್ಣನೆಯ ಶುದ್ಧ ನೀರಲ್ಲಿ ಅದ್ದಿ, ಚಿತ್ರ ಮೇಲಾಗಿ ಹರವಿದರೆ ಸಾಕು, ಎರಡು ದಿನಕ್ಕಿಂತ ಹೆಚ್ಚು ನೀರಲ್ಲಿ ಬಿಟ್ಟರೆ ಮೇಲಿನ ಪದರ ಕರಗುತ್ತದೆ. ತಾಳೆಗರಿಯ ಕಟ್ಟನ್ನು ಬಿಚ್ಚುವುದೂ ಬೇಡ, ತೊಳೆಯುವುದೂ ಬೇಡ. ಗರಿಗಳ ಕ್ರಮ ತಪ್ಪದಂತೆ ನೆರಳಿನಲ್ಲಿಟ್ಟು ಕೂಡಲೇ ಬಲ್ಲವರನ್ನು ಕರೆಯಬೇಕು. ಪುಣೆಯಲ್ಲಿ 1917ರಿಂದ ಇರುವ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಮಂದಿರ, ಮುಂಬೈಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಸಂರಕ್ಷಣಾ ವಿಭಾಗ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸ್ಥಳೀಯ ಶಾಖೆಗಳು ಮೊದಲು ಕೇಳಬೇಕಾದ ಬಾಗಿಲುಗಳು.

ಮರದ ವಿಗ್ರಹ, ದೈವದ ಮೊಗ, ಉಯ್ಯಾಲೆ, ಪಲ್ಲಕ್ಕಿಗಳ ವಿಷಯದಲ್ಲಿ ಬೇಗ ಒಣಗಿಸುವುದೇ ಅಪಾಯ. ಹಲಸಿನ ಮರ ನೀರಲ್ಲಿ ಉಬ್ಬಿರುತ್ತದೆ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಕುಗ್ಗಿ, ಒಳಗು ಇನ್ನೂ ಉಬ್ಬಿದ್ದು, ಉದ್ದಕ್ಕೆ ಸೀಳುತ್ತದೆ, ಬಣ್ಣ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ನೆರಳಿನಲ್ಲಿ ತೆಳು ಪ್ಲಾಸ್ಟಿಕ್ ಸಡಿಲವಾಗಿ ಹೊದಿಸಿ, ದಿನಕ್ಕೊಮ್ಮೆ ತೆಗೆದು ಬೂಸಲು ನೋಡಿ, ಹೊದಿಕೆಯನ್ನು ವಾರವಾರಕ್ಕೂ ಹೆಚ್ಚು ತೆರೆಯುತ್ತ ಹೋಗಬೇಕು. ವಾರಕ್ಕೊಮ್ಮೆ ತೂಕ ಮಾಡಿ ಬರೆದಿಟ್ಟರೆ ಒಣಗಿದ್ದು ತಾನಾಗಿ ತಿಳಿಯುತ್ತದೆ, ತೂಕ ಇಳಿಯುವುದು ನಿಂತಾಗ ಮರ ಒಣಗಿದೆ. ಎಣ್ಣೆ ಹಚ್ಚುವುದು, ಎದ್ದ ಬಣ್ಣಕ್ಕೆ ಫೆವಿಕಾಲ್ ಒತ್ತುವುದು, ಹೊಸ ಪೇಂಟು ಬಳಿಯುವುದು ಬೇಡ. ಮರದ ಮೇಲೆ ಬೆಳ್ಳಿಯ ಕವಚ ಇದ್ದರೆ ಇನ್ನೊಂದು ಅಪಾಯವಿದೆ. ನೀರು ತಗಡಿಗೂ ಮರಕ್ಕೂ ನಡುವೆ ನಿಂತು, ಹೊರಗೆ ಹೊಳೆಯುತ್ತಿರುವಾಗಲೇ ಒಳಗೆ ಮರ ಕೊಳೆಯುತ್ತದೆ. ಕವಚದ ಮೊಳೆ ತೆಗೆಯಬಲ್ಲವರು ಆಚಾರಿಗಳು, ತೆಗೆಯಲು ಹೇಳಬಲ್ಲವರು ಅರ್ಚಕರು. ಇಬ್ಬರೂ ಒಟ್ಟಿಗೆ ಬರುವಂತೆ ದಿನ ಗೊತ್ತು ಮಾಡಬೇಕು.

ಪಂಚಲೋಹ, ಹಿತ್ತಾಳೆಗೆ ಹುಣಸೆಹುಳಿ ಹಚ್ಚಿ ಉಜ್ಜುವ ರೂಢಿ ನಮ್ಮದು. ಖಾಡಿಯ (ಒಳನುಗ್ಗಿದ ಕಡಲಿನ ಕವಲು) ಉಪ್ಪುನೀರು ಹೊಕ್ಕ ಗುಡಿಯಲ್ಲಿ ಮೊದಲ ದಿನವೇ ಅದನ್ನು ಮಾಡಬಾರದು. ನಾಲ್ಕೈದು ಸಲ ಸಿಹಿನೀರಲ್ಲಿ ತೊಳೆದು, ಹತ್ತಿಬಟ್ಟೆಯಲ್ಲಿ ಒತ್ತಿ, ಫ್ಯಾನಿನಡಿ ಪೂರ್ತಿ ಒಣಗಿಸಬೇಕು. ಕೆಲದಿನಗಳಲ್ಲಿ ತಿಳಿಹಸಿರು ಪುಡಿಯ ಚುಕ್ಕೆ ಎದ್ದರೆ ಉಪ್ಪು ಒಳಗೆ ಸೇರಿದೆ, ಲೋಹವನ್ನು ಅದು ತಿನ್ನುತ್ತ ಹೋಗುತ್ತದೆ. ಉಜ್ಜದೆ ಒಣ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜತೆ ಇಟ್ಟು ತಜ್ಞರಿಗೆ ತೋರಿಸಬೇಕು.

ಗೋಡೆ ಒಣಗುವ ಮೊದಲೇ ಬ್ರಹ್ಮಕಲಶ

ಎಲ್ಲಕ್ಕಿಂತ ಹೆಚ್ಚು ಜಗಳ ಆಗುವುದೂ, ಎಲ್ಲಕ್ಕಿಂತ ಹೆಚ್ಚು ಹಣ ಹಾಳಾಗುವುದೂ ಇಲ್ಲಿ. ನೆನೆದ ಕಲ್ಲುಗೋಡೆ ಒಣಗಲು ದಪ್ಪದ ಪ್ರತಿ 2.5 ಸೆಂಟಿಮೀಟರಿಗೆ ಸುಮಾರು ಒಂದು ತಿಂಗಳು ಎಂಬುದು ಅಂದಾಜಿನ ಲೆಕ್ಕ. 45 ಸೆಂಟಿಮೀಟರಿನ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಒಂದೂವರೆ ವರ್ಷ. ಆದರೆ ಬ್ರಹ್ಮಕಲಶದ, ಎಂದರೆ ಜೀರ್ಣೋದ್ಧಾರದ ಬಳಿಕ ನಡೆಯುವ ದೊಡ್ಡ ಅಭಿಷೇಕದ, ಮುಹೂರ್ತ ಬರುವ ಎಪ್ರಿಲಿಗೇ ಗೊತ್ತಾಗಿರುತ್ತದೆ. ದಾನಿಗಳು ಮುಂದೆ ಬಂದಿರುತ್ತಾರೆ, ಸಿಮೆಂಟ್ ಗಿಲಾವು, ನಾಲ್ಕು ಅಡಿ ಎತ್ತರ ಟೈಲ್ಸು, ನೆಲಕ್ಕೆ ಗ್ರಾನೈಟು ಎಂದು ಪಟ್ಟಿಯೂ ಆಗಿರುತ್ತದೆ. ಮುರಕಲ್ಲು, ಸುಣ್ಣದ ಗಾರೆಯ ಗೋಡೆ ಮೈಯಿಂದ ನೀರನ್ನು ಹೊರಬಿಡುತ್ತಲೇ ಒಣಗುವಂಥದ್ದು. ಸಿಮೆಂಟು, ಟೈಲ್ಸು ಆ ಮೈಯನ್ನು ಮುಚ್ಚಿದಾಗ ನೀರು ಮೇಲಕ್ಕೇರಿ ಗೋಡೆಯ ತಲೆಯ ಮರಕ್ಕೆ ತಲುಪುತ್ತದೆ, ಉಪ್ಪು ಟೈಲ್ಸಿನ ಹಿಂದೆ ಹರಳುಗಟ್ಟಿ ಎರಡು ಮೂರು ಮಳೆಗಾಲದಲ್ಲಿ ಕಲ್ಲಿನ ಮೈಯನ್ನೇ ಪುಡಿಮಾಡುತ್ತದೆ. ಹಾಗೆಂದು ಗಿಲಾವೇ ಇಲ್ಲದೆ ಬಿಡುವುದೂ ಪರಿಹಾರವಲ್ಲ. ಹಳೆ ಗೋವಾದ ಬಾಂ ಜೀಸಸ್ ಬೆಸಿಲಿಕಾದ ಹೊರಗಿನ ಗಾರೆಯನ್ನು 1950ರ ದಶಕದಲ್ಲಿ ಕೆತ್ತಿ ತೆಗೆದರು, ಬೆತ್ತಲಾದ ಮುರಕಲ್ಲು ಅಲ್ಲಿಂದೀಚೆಗೆ ಪ್ರತಿ ಮಳೆಗಾಲವೂ ನೀರು ಕುಡಿಯುತ್ತಿದೆ. ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಬೆರೆಸಿದ ಸಾಂಪ್ರದಾಯಿಕ ಗಾರೆ, ಮೇಲೆ ತೆಳ್ಳಗೆ ಮೂರು ಸಲ ಸುಣ್ಣ, ಇದು ಉಸಿರಾಡುವ ಹೊದಿಕೆ. ಗೋಡೆಯಲ್ಲಿ ಬಿಳಿ ಉಪ್ಪು ಎದ್ದರೆ ಒಣ ಬ್ರಶ್ಶಿನಿಂದ ಉದುರಿಸಿ, ಗುಡಿಸಿ ಹೊರಗೆ ಹಾಕಬೇಕು. ನೀರಲ್ಲಿ ತೊಳೆದರೆ ಅದು ಕರಗಿ ವಾಪಸು ಒಳಹೋಗುತ್ತದೆ.

ಸಮುದಾಯದ ಮುಂದೆ ಇದನ್ನು ಇಡುವಾಗ ಪೂಜೆಯನ್ನೂ ಕಟ್ಟಡವನ್ನೂ ಬೇರೆ ಮಾಡಿ ಹೇಳಬೇಕು. ಶುದ್ಧಿಯ ವಿಧಿಗಳಾದ ಪುಣ್ಯಾಹ, ಸಂಪ್ರೋಕ್ಷಣೆ ಆಗಿ ನಿತ್ಯಪೂಜೆ ಬೇಗ ಶುರುವಾಗಲಿ. ಸುಣ್ಣ ಬಳಿದ ಗೋಡೆ ಸಾಕು. ಬ್ರಹ್ಮಕಲಶ, ಹೊಸ ಗಾರೆ ಮುಂದಿನ ವರ್ಷಕ್ಕಿರಲಿ. ಕಾಯುವುದಕ್ಕೆ ಕಾರಣ ಕಣ್ಣಿಗೆ ಕಾಣಬೇಕಾದರೆ ಗೋಡೆಯ ಒಂದು ಚದರ ಅಡಿಗೆ ಪಾರದರ್ಶಕ ಪ್ಲಾಸ್ಟಿಕ್ ಅಂಟಿಸಿ ಒಂದು ದಿನ ಬಿಡಿ, ಅದರೊಳಗೆ ಮೂಡುವ ನೀರಹನಿ ಯಾವ ಎಂಜಿನಿಯರ್ ವರದಿಗಿಂತಲೂ ಚೆನ್ನಾಗಿ ಟ್ರಸ್ಟಿಗಳಿಗೆ ತಿಳಿಸುತ್ತದೆ. ದಾನಿಗಳಿಗೂ ಬೇರೆ ಪಟ್ಟಿ ಕೊಡಬಹುದು: ಮಾಡಿನ ಹಂಚು, ಮಳೆನೀರು ಹೊರಹೋಗುವ ಕಾಲುವೆ, ಗ್ರಂಥಗಳ ಸಂರಕ್ಷಣೆ, ಎತ್ತರದ ಕಬ್ಬಿಣದ ಕಪಾಟು. ಇವಕ್ಕೂ ಹೆಸರಿನ ಫಲಕ ಹಾಕಬಹುದಲ್ಲ.

ಬನ, ದೇವರಾಯಿ, ಮತ್ತು ಮಣ್ಣಿನಡಿ ಉಳಿದವರು

ನಾಗಬನಗಳಲ್ಲೂ, ಪುಣೆ ಜಿಲ್ಲೆಯ, ಗೋವಾದ ದೇವರಾಯಿಗಳಲ್ಲೂ, ಎಂದರೆ ದೇವರ ಕಾಡುಗಳಲ್ಲೂ, ಚಂಡಮಾರುತಕ್ಕೆ ಬಿದ್ದ ಮರವನ್ನು ಸ್ವಚ್ಛತೆಯ ಹೆಸರಲ್ಲಿ ಸಾಗಿಸುವುದು ತಪ್ಪು. ಅದು ದೇವರ ಮರ, ಕಡಿಯಬಹುದೇ ಎಂದು ಕೇಳಬೇಕಾದ್ದು ಅಲ್ಲಿಯವರನ್ನು. ಇಳಿಜಾರಿಗೆ ಅಡ್ಡಬಿದ್ದ ದಿಮ್ಮಿ ಮಣ್ಣು ಕೊಚ್ಚದಂತೆ ತಡೆಯುತ್ತದೆ, ಜೆಸಿಬಿ ಹೊಕ್ಕರೆ ನೆಲ ಗಟ್ಟಿಯಾಗಿ ಸಸಿ ಏಳುವುದಿಲ್ಲ. ದಾರಿಗೆ ಬಿದ್ದಷ್ಟನ್ನೇ ಕೈಗರಗಸದಲ್ಲಿ ಕೊಯ್ದು ಪಕ್ಕಕ್ಕಿಟ್ಟರೆ ಆಯಿತು.

ಭೂಕುಸಿತದ ಜಾಗಗಳ ಮಾತು ಬೇರೆಯೇ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ್ ಹಳ್ಳಿಯ ಮೇಲೆ ಗುಡ್ಡ ಕುಸಿದು 151 ಮಂದಿ ಸತ್ತರು. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿ ಮಣ್ಣಿನಡಿ ಹೋಯಿತು, ಅನೇಕರ ಶವ ಸಿಗದೆಯೇ ಶೋಧ ನಿಂತಿತು. ಇಂಥ ನೆಲವೇ ಸಮಾಧಿ. ಯಂತ್ರ ಯಾವಾಗ ನಿಲ್ಲಬೇಕು, ಎಲ್ಲಿ ಬೇಲಿ ಹಾಕಬೇಕು, ಸ್ಮಾರಕ ಬೇಕೇ, ಇದ್ದರೆ ಯಾರ ಹೆಸರು ಯಾವ ಕ್ರಮದಲ್ಲಿ ಎಂಬುದನ್ನು ಉಳಿದ ಮನೆಯವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಬೇಕು, ದೊಡ್ಡ ಸಭೆಯಲ್ಲಿ ಮೈಕು ಕೊಟ್ಟು ಅಲ್ಲ. ಹೊಸ ಊರಿಗೆ ಹೋಗುವಾಗ ಗ್ರಾಮದೇವತೆ ಜತೆಗೆ ಬರುತ್ತಾಳೋ ಹಳೆಯ ಜಾಗದಲ್ಲೇ ಇರುತ್ತಾಳೋ ಎಂಬುದು ಮನೆಯ ನಕ್ಷೆ ಬರೆಯುವ ಮೊದಲೇ ತೀರ್ಮಾನವಾಗಬೇಕು, ಏಕೆಂದರೆ ಗುಡಿಯ ಕಟ್ಟೆ ಎಲ್ಲಿ ಎಂಬುದರ ಮೇಲೆ ಊರಿನ ಬೀದಿಗಳು ನಿಂತಿರುತ್ತವೆ. 1993ರ ಕಿಲ್ಲಾರಿ ಭೂಕಂಪದ ಬಳಿಕದ ಪುನರ್ನಿರ್ಮಾಣದಲ್ಲಿ ಹಳ್ಳಿಯ ಮಹಿಳೆಯರನ್ನು ಸಂವಾದ ಸಹಾಯಕರೆಂದು ನೇಮಿಸಿ, ಮನೆಮನೆಯ ಮಾತನ್ನು ಎಂಜಿನಿಯರರಿಗೆ ಮುಟ್ಟಿಸುವ ಕ್ರಮ ಮಹಾರಾಷ್ಟ್ರದಲ್ಲಿ ನಡೆದಿದೆ. ಆ ಪಾಠ ಇಂದಿಗೂ ಬಳಸಲು ಬರುವಂಥದ್ದು.

ಸಭೆ ಎಲ್ಲಿ, ಯಾವಾಗ ಎಂಬುದೂ ಮುಖ್ಯ. ದಿನಗೂಲಿಯವರು ಬೆಳಗಿನ ಸಭೆಗೆ ಬರಲಾರರು, ಬಂದರೆ ಆ ದಿನದ ಊಟ ಹೋಯಿತು. ಕೆಸರು ತೆಗೆಯುವ ಕೆಲಸಕ್ಕೆ ಕರೆದರೆ ಕೂಲಿ ಕೊಡಬೇಕು. ಸ್ವಂತ ಮನೆಯೇ ಮುಳುಗಿದವರಿಂದ ಸೇವೆಯ ಹೆಸರಲ್ಲಿ ಪುಕ್ಕಟೆ ದುಡಿಸುವುದು ಅನ್ಯಾಯ. ಗೋವಾದ ಬಸ್ತಿಯಲ್ಲಿ ಅಧಿಕಾರಿ ಕೊಂಕಣಿ ಅಥವಾ ಮರಾಠಿಯಲ್ಲಿ, ಜನ ಕನ್ನಡದಲ್ಲಿ, ಲಂಬಾಣಿ ಮನೆಯವರು ಅವರ ಮಾತಿನಲ್ಲಿ ಇರುತ್ತಾರೆ. ನಡಾವಳಿಯನ್ನು ಅಲ್ಲೇ ಎಲ್ಲರ ಭಾಷೆಯಲ್ಲಿ ಓದಿ ಹೇಳಿ, ಆಮೇಲೆ ಸಹಿ, ಹೆಬ್ಬೆಟ್ಟು. ಬಂದ ಹಣ, ಖರ್ಚಾದ ಹಣ ವಾರಕ್ಕೊಮ್ಮೆ ಬಾಗಿಲ ಮೇಲೆ ಬರೆದು ಅಂಟಿಸಿದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ.

ಮೇ ತಿಂಗಳ ಕೆಲಸ

ಇಷ್ಟೂ ಜೂನಿಗೆ ಮೊದಲು ಮಾಡಿಟ್ಟರೆ ಮಾತ್ರ ಫಲ. ಒಂದು ಮಧ್ಯಮ ಗಾತ್ರದ ಮಂದಿರಕ್ಕೆ ಬೇಕಾದ ಪೆಟ್ಟಿಗೆಯಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಕ್ರೇಟು, ನಾಲ್ಕು ಜೋಡಿ ಗಮ್ ಬೂಟು, ಒಂದು ಡಬ್ಬ ಗ್ಲೌಸು, ಮಾಸ್ಕು, ಐದು ಕಿಲೋ ಖಾಲಿ ನ್ಯೂಸ್‌ಪ್ರಿಂಟ್, ಬಟರ್ ಪೇಪರ್, ಮೆತ್ತನೆಯ ಬ್ರಶ್ಶು, ಸ್ಪಂಜು, ಹತ್ತಿದಾರ, ಬಟ್ಟೆಚೀಟಿ, ಪೆನ್ಸಿಲು, ಎರಡು ಟಾರ್ಪಾಲು, ಒಂದು ತೇವಾಂಶ ಮಾಪಕ ಇರಲಿ, ಪೆಟ್ಟಿಗೆ ಮಾತ್ರ ಅಟ್ಟದ ಮೇಲೆ ಅಥವಾ ಮೇಲಿನ ಮಹಡಿಯ ಯಾರದಾದರೂ ಮನೆಯಲ್ಲಿ. ಗ್ರಂಥ, ಮೂಲ ಫೋಟೊ, ಟ್ರಸ್ಟಿನ ದಾಖಲೆಗಳು ಹಿಂದಿನ ನೀರಿನ ಗೆರೆಗಿಂತ ಮೂರು ಅಡಿ ಮೇಲಿನ ಕಪಾಟಿಗೆ ಹೋಗಲಿ. ಮೊದಲು ಎತ್ತಬೇಕಾದ ಹತ್ತು ವಸ್ತುಗಳ ಪಟ್ಟಿಯನ್ನು ಅರ್ಚಕರು, ಮಹಿಳಾ ವಿಭಾಗ, ಯುವ ವಿಭಾಗ ಕೂಡಿ ಕೂತು ಮಾಡಬೇಕು. ಬೆಲೆಬಾಳುವುದು ಯಾವುದು ಎಂದು ಟ್ರಸ್ಟಿಗಳು ಹೇಳುವುದಕ್ಕೂ, ಮತ್ತೆ ಸಿಗದೆ ಇರುವುದು ಯಾವುದು ಎಂದು ಉಳಿದವರು ಹೇಳುವುದಕ್ಕೂ ವ್ಯತ್ಯಾಸ ಇರುತ್ತದೆ. ಪಟ್ಟಿಯ ಕೆಳಗೆ ಬೀಗದ ಕೈ ಇಟ್ಟುಕೊಂಡ ಇಬ್ಬರು, ಸೂತಕ ಬಂದರೆ ಬದಲಿಗೆ ಬರುವವರು, ಫ್ರೀಜರ್ ಕೊಡುವ ಹೋಟೆಲ್, ಟೆಂಪೊ ಇರುವವರು, ವಾರ್ಡ್ ಆಫೀಸಿನ ನಂಬರು. ಒಂದು ಪ್ರತಿ ಬಾಗಿಲ ಒಳಬದಿಗೆ, ಒಂದು ವಾರ್ಡ್ ಆಫೀಸಿಗೆ, ಒಂದು ಊರಿನಲ್ಲಿರುವ ತಂತ್ರಿಗಳ ಮನೆಗೆ. ಮುಂಬೈ ಮುಳುಗಿದ ದಿನ ಫೋನು ಹತ್ತುವುದಿಲ್ಲ. ಹಾಗಾಗಿ ಮುಟ್ಟಲು, ಎತ್ತಲು ತಂತ್ರಿಗಳು ಮೊದಲೇ ಬರೆದುಕೊಟ್ಟ ಅನುಮತಿ ಪತ್ರವನ್ನು ಆ ಪಟ್ಟಿಗೇ ಪಿನ್ ಮಾಡಿಡಿ.